ಕವರಿಗೆ ಅಂಟಿದ ಮುಖ

ಮೂವತ್ತಾರು ವರ್ಷ ನಾನು ಗಂಗಾವತಿಯಲ್ಲಿ ಒಬ್ಬರೇ ವಕೀಲರ ಹತ್ತಿರ ಗುಮಾಸ್ತನಾಗಿದ್ದೆ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಒಮ್ಮೊಮ್ಮೆ ಮನೆಗೆ ಬಂದು, “ಕಾಕಾ, ಮೊದ್ಲ ಏನ್ ಕಲೀಬೇಕ್ರಿ?” ಎಂದು ಕೇಳುತ್ತಾರೆ. ನಾನು ಕಾನೂನಿನ ಮಾತು ಎತ್ತುವುದಿಲ್ಲ. “ಮೊದ್ಲ ಕೈ ತೊಳಕೊಳ್ಳೋದು ಕಲೀರಿ” ಅನ್ನುತ್ತೇನೆ. ನಗುತ್ತಾರೆ. ನಾನೂ ಆ ವಯಸ್ಸಿನಲ್ಲಿ ನಕ್ಕಿದ್ದೆ.

ನಮ್ಮ ಗುರುಬಸಪ್ಪ ವಕೀಲರು ನನಗೆ ಹೇಳಿದ ಮೊದಲ ಮಾತೇ ಅದು. ಅವರು ನಿಜಾಮರ ಕಾಲದ ಉರ್ದು ಸಾಲೆಯಲ್ಲಿ ಓದಿದವರು. ಎತ್ತರದ ಆಳು, ಮಾತು ಕಡಿಮೆ, ಬಾಯಲ್ಲಿ ಸದಾ ಒಂದು ಲವಂಗ. ಕಕ್ಷಿದಾರನ ಅಸಲು ಕಾಗದವನ್ನು ಮುಟ್ಟುವ ಮುಂಚೆ ಕೈ ತೊಳೆದು, ಒರೆಸಿ, ಗಾಳಿಗೆ ಹಿಡಿದು ಒಣಗಿಸಬೇಕು. “ಶರಣಪ್ಪಾ, ಕೇಸ್ ಸೋತ್ರ ಅಪೀಲ್ ಹೋಗಬಹುದು. ಅಸಲ ಹಾಳಾದ್ರ ಎಲ್ಲಿ ಹೋಗ್ತಿ?” ಎಂದು ಕೇಳಿದ್ದರು.

ಎಪ್ಪತ್ತರ ದಶಕದಲ್ಲಿ ಕಾಗದಗಳು ನಮ್ಮ ಕಚೇರಿಗೆ ಬರುತ್ತಿದ್ದ ರೀತಿಯನ್ನು ಈಗಿನವರು ನಂಬಲಿಕ್ಕಿಲ್ಲ. ಯಲಬುರ್ಗಾ ಕಡೆಯ ಒಬ್ಬ ರೈತ ತನ್ನ ಅಜ್ಜನ ಖರೀದಿ ಪತ್ರವನ್ನು ಜೋಳದ ಗಡಿಗೆಯಿಂದ ತೆಗೆದು ತಂದಿದ್ದ. ಬೇವಿನ ಎಲೆಯ ನಡುವೆ ಇದ್ದ ಆ ಪತ್ರಕ್ಕೆ ಒಂದು ತೂತೂ ಬಿದ್ದಿರಲಿಲ್ಲ. ಕುಷ್ಟಗಿಯ ಒಬ್ಬ ಮಾಸ್ತರರು ಓದಿದವರು. ಪತ್ರ ಗಟ್ಟಿಯಾಗಿರಲಿ ಎಂದು ಮೈದಾ ಅಂಟು ಹಚ್ಚಿ ರಟ್ಟಿಗೆ ಮೆತ್ತಿ ಟ್ರಂಕಿನಲ್ಲಿಟ್ಟಿದ್ದರು. ಹುಳು ಮೈದಾ ತಿನ್ನಲು ಬಂದು ಅಕ್ಷರವನ್ನೂ ರಟ್ಟನ್ನೂ ತಿಂದು ಹೋಗಿತ್ತು. ಹೊಲದ ನಾಲ್ಕೂ ಗಡಿ ಬರೆದ ಜಾಗದಲ್ಲೇ ದೊಡ್ಡ ತೂತು. ಮಾಸ್ತರರು ಆ ತೂತಿನಿಂದ ನನ್ನ ಮುಖ ನೋಡುತ್ತಾ ಕೂತದ್ದು ಇನ್ನೂ ಕಣ್ಣಮುಂದಿದೆ.

ನಾವು ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಹುಳು ಬಾರದಂತೆ ಗಂಟಿನ ಮೂಲೆಗೆ ಬಜೆಯ ಬೇರು ಸಿಕ್ಕಿಸಿ, ಬೀರುವಿನಲ್ಲಿ ಇಡುತ್ತಿದ್ದೆವು. ಕಚೇರಿಗೆ ತಗಡಿನ ಮಾಡು. ಬೇಸಿಗೆಯಲ್ಲಿ ಬೀರುವಿನ ಹಿಡಿಕೆ ಮುಟ್ಟಿದರೆ ಕೈ ಸುಡುತ್ತಿತ್ತು.

ಅಂಥ ದಿನಗಳಲ್ಲಿ ಪ್ಲಾಸ್ಟಿಕ್ ಕವರು ಬಂತು. ಹೊಸಪೇಟೆಗೆ ಹೋದಾಗ ಒಂದು ಸ್ಟೇಷನರಿ ಅಂಗಡಿಯಲ್ಲಿ ನೋಡಿದೆ. ಮೆತ್ತಗೆ, ನೀರಿನ ಹಾಗೆ ತಿಳಿ, ಮೂಸಿದರೆ ಹೊಸ ಚಪ್ಪಲಿಯ ವಾಸನೆ. ಕಾಗದವನ್ನು ಒಳಗೆ ಜಾರಿಸಿದರೆ ಎರಡೂ ಬದಿ ಓದಬಹುದು, ಕೈ ತಾಗುವುದಿಲ್ಲ, ನೀರು ತಾಗುವುದಿಲ್ಲ. ವಕೀಲರನ್ನು ಒಪ್ಪಿಸಿ ಒಂದು ಕಟ್ಟು ತಂದೆ. ಆ ವರ್ಷ ಕೊಪ್ಪಳದಿಂದ, ಕುಷ್ಟಗಿಯಿಂದ ಬಂದ ಬೇರೆ ಗುಮಾಸ್ತರು ನಮ್ಮ ಬೀರು ತೆಗೆಸಿ ನೋಡಿದರು. “ಶರಣಪ್ಪ ಭಾಳ ಶಾಣ್ಯಾ ಅದಾನ” ಅಂದರು. ನನಗೂ ಹಾಗೇ ಅನ್ನಿಸಿತು.

ಒಂದು ಬೇಸಿಗೆ ಕಳೆದ ಮೇಲೆ ಯಲಬುರ್ಗಾದ ಒಂದು ಪತ್ರವನ್ನು ಕವರಿನಿಂದ ತೆಗೆದಾಗ, ನೇರಳೆ ಮುದ್ರೆಯ ಅರ್ಧ ಭಾಗ ಪ್ಲಾಸ್ಟಿಕ್ಕಿಗೆ ತಿರುಗಾಮುರುಗಾ ಅಚ್ಚಾಗಿತ್ತು. ಶಾಯಿ ಕಚ್ಚಾ ಇದ್ದಿರಬೇಕು ಎಂದು ಕವರನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಅದರಲ್ಲೇ ಹಾಕಿದೆ. ಅವತ್ತು ನಾನು ಒಂದು ಕ್ಷಣ ನಿಂತು ಯೋಚಿಸಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಹುಲಿಗೆವ್ವ ನಮ್ಮಲ್ಲಿಗೆ ಬಂದದ್ದು ಅದೇ ವರ್ಷ. ಆನೆಗೊಂದಿಯವಳು, ವಯಸ್ಸು ಐವತ್ತರ ಹತ್ತಿರ. ಸಂತೆಯ ದಿನ ಬಾಳೆ ಎಲೆಯ ಕಟ್ಟು ಹೊತ್ತು ಗಂಗಾವತಿಗೆ ಬರುತ್ತಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತು ತವರಿನಲ್ಲಿದ್ದವಳನ್ನು ಆನೆಗೊಂದಿಯ ಹನುಮಂತಪ್ಪ ಉಡಕಿ ಮಾಡಿಕೊಂಡು ಕರೆತಂದಿದ್ದ. ನಮ್ಮ ಕಡೆ ವಿಧವೆಯ ಮರುಮದುವೆಗೆ ಉಡಕಿ ಅನ್ನುತ್ತಾರೆ. ಅದಕ್ಕೆ ಹಂದರ, ಓಲಗ ಇರುವುದಿಲ್ಲ. ಹೊಸ ಸೀರೆ ಉಡಿಸಿ, ನಾಲ್ಕು ಹಿರಿಯರ ಎದುರು ತಾಳಿ ಕಟ್ಟಿದರೆ ಮುಗಿಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಬ್ಬರೂ ಕೂಡಿ ಗದ್ದೆ ಮಾಡಿದರು. ಮಕ್ಕಳಾಗಲಿಲ್ಲ. ಹನುಮಂತಪ್ಪ ಹಾವು ಕಚ್ಚಿ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಅವನ ಅಣ್ಣ ಯಮನಪ್ಪ, “ಇಕಿ ನಮ್ಮ ತಮ್ಮನ ಹೇಣ್ತಿ ಅಲ್ಲ, ಇಟ್ಕೊಂಡಿದ್ದ” ಅಂದು ಅವಳನ್ನು ಮನೆಯಿಂದ ಹೊರಗೆ ಹಾಕಿದ. ತಾಳಿ ಕಟ್ಟಿದಾಗ ಕೂತಿದ್ದ ನಾಲ್ಕು ಹಿರಿಯರಲ್ಲಿ ಮೂವರು ಸತ್ತಿದ್ದರು. ಉಳಿದವನು ಯಮನಪ್ಪನ ಬೀಗ. ಮನೆಯಲ್ಲೂ ಗದ್ದೆಯಲ್ಲೂ ಗಂಡನ ಪಾಲು ಕೇಳಿ ದಾವೆ ಹೂಡಲು ಅವಳು ನಮ್ಮಲ್ಲಿಗೆ ಬಂದಿದ್ದಳು.

ಅವಳು ಮನೆ ಬಿಡುವಾಗ ಗೋಡೆಯ ಮೇಲಿದ್ದ ಒಂದು ಫೋಟೋ ಮಾತ್ರ ಕಿತ್ತುಕೊಂಡು ಬಂದಿದ್ದಳು. ಚೌಕಟ್ಟು ಮುರಿದಿತ್ತು, ಗಾಜು ಒಡೆದಿತ್ತು. ಕಪ್ಪು-ಬಿಳುಪಿನ ಫೋಟೋ. ಸ್ಟುಡಿಯೋದ ಪರದೆಯ ಮುಂದೆ ಕುರ್ಚಿಯಲ್ಲಿ ಹನುಮಂತಪ್ಪ, ಪಕ್ಕದಲ್ಲಿ ಸೆರಗು ಹೊದ್ದು ನಿಂತ ಹುಲಿಗೆವ್ವ.

ವಕೀಲರು ಮುಂಭಾಗವನ್ನು ಒಂದು ಸಲ ನೋಡಿ, ತಿರುಗಿಸಿ ಹಿಂಭಾಗವನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಸ್ಟುಡಿಯೋದ ಮುದ್ರೆಯೂ ಪೆನ್ಸಿಲಿನಲ್ಲಿ ಒಂದು ಸಾಲು ಉರ್ದುವೂ ಇತ್ತು. ಅವಳು ಹೋದ ಮೇಲೆ ನನಗೆ ಓದಿ ಹೇಳಿದರು. “ಹನುಮಂತಪ್ಪ, ಅಹಲಿಯಾ ಸಮೇತ ಅಂತ ಬರದಾರ. ಅಹಲಿಯಾ ಅಂದ್ರ ಹೇಣ್ತಿ. ಕೇಸ್ ಇರೋದು ಈ ಹಿಂದಿನ ಮಗ್ಗಲದಾಗ. ಸಾಕ್ಷಿ ದಿನ ಕೋರ್ಟಿಗೆ ಕೊಡೂಣು. ಅಲ್ಲೀತನಕ ನಿನ್ನ ಕೈಯಾಗ ಇರ್ಲಿ.” ಆ ಸಾಲನ್ನು ಹುಲಿಗೆವ್ವನಿಗೂ ಓದಿ ಹೇಳಬೇಕು ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮುಂದಿನ ಸಂತೆಯ ದಿನ ಎಲೆ ಮಾರಿ ಮುಗಿಸಿದ ಮೇಲೆ ಅವಳು ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ತಾರೀಖು ಕೇಳಲು ಬಂದಿದ್ದಾಳೆ ಅಂದುಕೊಂಡೆ.

“ಫೋಟೋ ಒಂದೀಟ ನೋಡ್ಲೇನ್ರಿ ಗುಮಾಸ್ತರ?” ಅಂದಳು.

ಬೀರು ತೆಗೆದು ಕೊಟ್ಟೆ. ಸ್ಟೂಲಿನ ಮೇಲೆ ಕೂತು, ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಗಂಡನ ಮುಖವನ್ನು ಮೆಲ್ಲಗೆ ಸವರಿದಳು. ಅಳಲಿಲ್ಲ, ಮಾತಾಡಲಿಲ್ಲ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಕೂತು, ವಾಪಸು ಕೊಟ್ಟು ಹೋದಳು. ಅಂದಿನಿಂದ ಪ್ರತಿ ಸಂತೆಗೂ ಬಂದಳು. ಕಚೇರಿಗೆ ಬರುವವರಿಗೆಲ್ಲ ತಕರಾರು ಇರುತ್ತಿತ್ತು, ಗದ್ದಲ ಇರುತ್ತಿತ್ತು. ಅವಳು ಬಂದರೆ ನಾನೂ ಟೈಪ್ ಮಾಡುವುದನ್ನು ನಿಲ್ಲಿಸುತ್ತಿದ್ದೆ.

ನಾಲ್ಕೈದು ವಾರದಲ್ಲಿ ಹನುಮಂತಪ್ಪನ ಕೆನ್ನೆಯ ಮೇಲೆ ಎಣ್ಣೆಯ ಕಲೆ ಕಾಣತೊಡಗಿತು. ನನಗೆ ಭಯವಾಯಿತು.

“ಯವ್ವಾ, ಮುಟ್ಟಬ್ಯಾಡ್ರಿ. ಹಿಂಗ ಮುಟ್ಟಿದ್ರ ಫೋಟೋ ಕೆಡ್ತೈತಿ” ಅಂದೆ.

ಅವಳು ಕೈಯನ್ನು ಸರಕ್ಕನೆ ಹಿಂದೆ ಎಳೆದುಕೊಂಡಳು. ಮುಂದಿನ ವಾರ ಬಂದಾಗ ಫೋಟೋವನ್ನು ಮೇಜಿನ ಮೇಲೆ ಇಡಿಸಿ, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಬಗ್ಗಿ ನೋಡಿದಳು. ನಾನು ಹೇಳಿದ್ದು ಸರಿಯೇ ಆಗಿತ್ತು. ಆದರೂ ಆ ಸೆರಗಿನೊಳಗಿನ ಕೈಗಳನ್ನು ನೋಡಲಾಗಲಿಲ್ಲ. ಅವಳು ಹೋದ ಕೂಡಲೇ ಹೊಸ ಕವರು ತೆಗೆದು ಫೋಟೋವನ್ನು ಅದರಲ್ಲಿ ಹಾಕಿದೆ.

ಮರುವಾರ, “ಈಗ ಎಷ್ಟ ಬೇಕಾದ್ರೂ ಮುಟ್ರಿ, ಏನೂ ಆಗಂಗಿಲ್ಲ” ಎಂದು ಅವಳ ಕೈಗೆ ಕೊಟ್ಟೆ. ಅವಳು ಪ್ಲಾಸ್ಟಿಕ್ಕಿನ ಮೇಲೆ ಹೆಬ್ಬೆರಳಿಟ್ಟು ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ಆಗ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೀಗೆ ಒಂದು ವರ್ಷದ ಮೇಲೆ ಕಳೆಯಿತು. ಎರಡು ಬೇಸಿಗೆಗಳು ಆ ತಗಡಿನ ಕೆಳಗೆ ಕಳೆದವು. ನಡುವೆ ಆ ಫೋಟೋವನ್ನು ಕವರಿನಿಂದ ಒಮ್ಮೆಯೂ ಹೊರಗೆ ತೆಗೆಯಲಿಲ್ಲ, ತೆಗೆಯುವ ಅಗತ್ಯವೂ ಬರಲಿಲ್ಲ.

ಸಾಕ್ಷಿಯ ತಾರೀಖಿಗೆ ವಾರವಿತ್ತು. ವಕೀಲರು ಹಿಂದಿನ ಬರಹವನ್ನು ಇನ್ನೊಮ್ಮೆ ಬೆಳಕಿನಲ್ಲಿ ನೋಡಬೇಕು ಅಂದರು. ಕೈ ತೊಳೆದು ಬಂದು ಫೋಟೋವನ್ನು ಎಳೆದೆ. ಬರಲಿಲ್ಲ. ಅಂಚು ಮಡಚಿಕೊಂಡಿರಬೇಕು ಎಂದು ಸ್ವಲ್ಪ ಬಲ ಹಾಕಿದೆ. ಒದ್ದೆ ಬಟ್ಟೆ ಹರಿದ ಹಾಗೆ ಸಣ್ಣ ಸದ್ದಾಯಿತು. ಫೋಟೋ ನನ್ನ ಕೈಗೆ ಬಂತು. ಕುರ್ಚಿ ಇತ್ತು, ಪರದೆ ಇತ್ತು, ಹುಲಿಗೆವ್ವ ನಿಂತಿದ್ದಳು. ಹನುಮಂತಪ್ಪನ ರುಮಾಲಿನ ಕೆಳಗೆ, ಅಂಗಿಯ ಮೇಲೆ, ಬರೀ ಬಿಳಿ ಕಾಗದ. ಮುಖ ಪ್ಲಾಸ್ಟಿಕ್ಕಿನಲ್ಲಿ ಉಳಿದಿತ್ತು. ಅವಳು ವಾರವಾರವೂ ಹೆಬ್ಬೆರಳು ಒತ್ತಿದ ಜಾಗದಲ್ಲೇ ಕಚ್ಚಿಕೊಂಡಿತ್ತು.

ವಕೀಲರು ನನ್ನ ಕೈಯಿಂದ ಫೋಟೋ ತೆಗೆದುಕೊಂಡರು. ಬೈಯುತ್ತಾರೆ ಎಂದು ಕಾದೆ. ಅವರು ಅದನ್ನು ತಿರುಗಿಸಿ, ಕಿಟಕಿಯ ಹತ್ತಿರ ಹಿಡಿದು, ಪೆನ್ಸಿಲಿನ ಸಾಲನ್ನು ಓದಿದರು.

“ಹಿಂದಿನ ಬರಹಕ್ಕ ಏನೂ ಆಗಿಲ್ಲ. ಮುಖ ಯಾರದು ಅಂತ ಅವ್ರು ತಕರಾರ ತಗೀತಾರ, ನೋಡೂಣು” ಅಂದರು. ಬಾಗಿಲ ತನಕ ಹೋದವರು ಹಿಂತಿರುಗಿ, “ಆ ಹೆಣ್ಮಗಳಿಗೆ ನೀನ ಹೇಳಬೇಕು” ಎಂದು ಹೊರಟುಹೋದರು.

ನಾನು ಹೇಳಲಿಲ್ಲ. ಸಂತೆಯ ದಿನ ಅವಳು ಬಂದು ಸ್ಟೂಲಿನ ಮೇಲೆ ಕೂತಳು. ನನ್ನ ನಾಲಿಗೆ ತಾನಾಗಿಯೇ, “ಫೋಟೋ ಕೋರ್ಟಿಗೆ ಹೋಗೇತ್ರಿ ಯವ್ವಾ” ಅಂದುಬಿಟ್ಟಿತು.

“ಹೌದಾ? ಹಂಗಂದ್ರ ಕೋರ್ಟಿನ್ಯಾಗ ಅದಾರ?” ಎಂದು ಕೇಳಿದಳು.

“ಹೂಂ.”

ಅವಳು ಎದ್ದು ಹೋದಳು. ಸಂಜೆ ನಾಲ್ಕು ಗಂಟೆಗೆ ನಾನು ಒಂದು ಅರ್ಜಿ ಹಾಕಲು ಕೋರ್ಟಿಗೆ ಹೋದಾಗ, ಎದುರಿನ ಬೇವಿನ ಮರದ ಕೆಳಗೆ ಅವಳು ಕೂತಿದ್ದಳು. ಪಕ್ಕದಲ್ಲಿ ಖಾಲಿ ಬುಟ್ಟಿ. ಕಣ್ಣು ಕೋರ್ಟಿನ ಕಿಟಕಿಯ ಮೇಲೆ.

“ಇಲ್ಯಾಕ ಕುಂತೀರಿ?” ಎಂದು ಕೇಳಿದೆ.

“ನೀವ ಅಂದ್ರೆಲ್ರಿ, ಒಳಗದಾರ ಅಂತ. ಬಸ್ಸಿಗಿ ಇನ್ನಾ ಹೊತ್ತೈತಿ. ಇಲ್ಲೇ ಕುಂತೀನಿ” ಅಂದಳು.

ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ನಾನು ನಾಚಿಕೆಯಿಂದ ನೆಲ ನೋಡಿದ ದಿನ ಅದೊಂದೇ. ಅವಳ ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಕವರು ತಂದವನು ನಾನೇ, ಏನೂ ಆಗುವುದಿಲ್ಲ ಎಂದು ಮಾತು ಕೊಟ್ಟವನು ನಾನೇ, ಎಳೆದವನೂ ನಾನೇ, ಇವತ್ತು ಸುಳ್ಳು ಹೇಳಿದವನೂ ನಾನೇ ಅಂದೆ. ಕೇಸಿಗೆ ತೊಂದರೆ ಇಲ್ಲ, ಹಿಂದೆ ಉರ್ದುವಿನಲ್ಲಿ ಬರೆದದ್ದು ಉಳಿದಿದೆ ಎಂದೂ ಹೇಳಿದೆ.

ಅವಳು ಖಾಲಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, “ಹಿಂದ ಏನ ಬರದೈತ್ರಿ?” ಎಂದು ಕೇಳಿದಳು.

“ಹನುಮಂತಪ್ಪ, ಹೇಣ್ತಿ ಸಮೇತ ಅಂತ.”

“ಯಾರ ಬರಸ್ಯಾರ?”

“ಫೋಟೋ ತಗದವ್ರು ಬರದಾರ. ನಿಮ್ಮ ಮನ್ಯಾವ್ರ ಹೇಳಿ ಬರಸಿರಬೇಕು.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಪ್ಪತ್ತು ವರ್ಷ ಅವಳ ಮನೆಯ ಗೋಡೆಯ ಮೇಲೆ, ಗೋಡೆಯ ಕಡೆಗೆ ಮುಖ ಮಾಡಿ ಇದ್ದ ಮಾತು ಅದು. “ನನಗ ಹೇಳೇ ಇಲ್ಲ” ಅಂದಳು. ದೂರುವ ಧ್ವನಿಯಲ್ಲ. ಹೊಸ ಸೀರೆಯನ್ನು ಮುಚ್ಚಿಟ್ಟು ಕೊಟ್ಟವನ ಬಗ್ಗೆ ಹೇಳುವ ಧ್ವನಿ.

ಸ್ವಲ್ಪ ಹೊತ್ತಿನ ಮೇಲೆ ಎದ್ದು, “ನಡೀರಿ, ನನಗ ತೋರಸ್ರಿ” ಅಂದಳು.

ಕಚೇರಿಗೆ ಬಂದು ಫೋಟೋ ತೋರಿಸಿದೆ. ಮುಖವಿಲ್ಲದ ಜಾಗದ ಹತ್ತಿರ ಹೆಬ್ಬೆರಳು ತಂದವಳು ಮುಟ್ಟದೆ ಹಿಂದಕ್ಕೆ ತೆಗೆದಳು.

“ಆ ಕವರ್ ಎಲ್ಲೈತ್ರಿ? ಒಗದ್ರೇನು?” ಎಂದು ಕೇಳಿದಳು.

ಒಗೆದಿರಲಿಲ್ಲ. ಒಬ್ಬ ಮನುಷ್ಯನ ಮುಖ ಅದರಲ್ಲಿದೆ ಎಂದು ಗೊತ್ತಿದ್ದ ಮೇಲೆ ಹೇಗೆ ಒಗೆಯಲಿ? ಮೇಜಿನ ಖಾನೆಯಿಂದ ತೆಗೆದುಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದಳು. ಮಸುಕಾದ ಮುಖ ಅಲ್ಲಿ ತೇಲಿತು. ಆಮೇಲೆ ಫೋಟೋವನ್ನು ಮೇಜಿನ ಮೇಲಿಟ್ಟು, ಕವರನ್ನು ಅದರ ಮೇಲೆ ಹಾಸಿ, ಬಾಳೆ ಎಲೆಯ ಮೇಲೆ ಎಲೆ ಜೋಡಿಸುವ ಕೈಗಳಿಂದ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸಿದಳು. ರುಮಾಲಿನ ಅಂಚು ಹಣೆಗೆ ಕೂಡಿತು. ಗದ್ದ ಅಂಗಿಯ ಕಾಲರಿಗೆ ಕೂಡಿತು. ಬಿಳಿ ಜಾಗ ತುಂಬಿ, ಹನುಮಂತಪ್ಪ ಮತ್ತೆ ಕುರ್ಚಿಯಲ್ಲಿ ಕೂತ. ಎಡಗಡೆ ಒಂದು ಗೆರೆ ಮಾತ್ರ ಉಳಿಯಿತು.

“ಇದ್ದಾರ ನೋಡ್ರಿ” ಅಂದಳು. “ಇನ್ನ ಎರಡನ್ನೂ ಬ್ಯಾರೆ ಮಾಡಬ್ಯಾಡ್ರಿ.”

ಮರುದಿನವೇ ನಾನು ಫೋಟೋ ತೆಗೆದವರನ್ನು ಹುಡುಕಿಕೊಂಡು ಹೋದೆ. ಹಿಂಭಾಗದ ಮುದ್ರೆಯಲ್ಲಿ ಹೆಸರಿದ್ದ ರಹೀಮಾನ್ ಸಾಬರು ಗಂಗಾವತಿಯ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕೊಪ್ಪಳಕ್ಕೆ ಹೋಗಿ, ಭಾಗ್ಯನಗರದಲ್ಲಿ ಮಗ್ಗದ ಸದ್ದಿನ ಒಂದು ಓಣಿಯಲ್ಲಿ ಅವರ ಮನೆ ಪತ್ತೆಮಾಡಿದೆ. ಎರಡು ಗಾಜಿನ ನಡುವೆ ಕಟ್ಟಿಕೊಂಡು ಹೋಗಿದ್ದ ಫೋಟೋ ಮತ್ತು ಕವರನ್ನು ನೋಡಿ ಅವರು ನನ್ನನ್ನು ಬೈಯಲಿಲ್ಲ. ಗಾಜಿನ ಹೊರಗೆ ಚಾಚಿದ್ದ ಕವರಿನ ಅಂಚನ್ನು ಮೂಗಿಗೆ ಹಿಡಿದು ಮೂಸಿದರು.

“ಈ ವಾಸ್ನಿ ಬಂತೂ ಅಂದ್ರ ಇದು ಬಿಸಲಿಗಿ ಬೆವರ್ತೈತಿ ಅಂತ ತಿಳಕೊ. ಫೋಟೋದ ಮ್ಯಾಲಿನ ಪದರ ಅದಕ್ಕ ಅಂಟತೈತಿ. ಅಂಟಿದ್ರ ಎಳೀಬಾರ್ದಪಾ. ಮೊದ್ಲ ಇದ್ದಂಗ ಇನ್ನೊಂದು ಫೋಟೋ ತಗೀಬೇಕು, ಆಮ್ಯಾಲ ಕೈ ಹಚ್ಚಬೇಕು” ಅಂದರು.

ಹಳೆಯ ಕ್ಯಾಮೆರಾ ಹೊರತೆಗೆದು, ಅಂಗಳದ ನೆರಳಿನಲ್ಲಿ, ಗಾಜಿನಡಿಯಲ್ಲಿದ್ದ ಹಾಗೆಯೇ ಅದರ ಪ್ರತಿ ತೆಗೆದುಕೊಟ್ಟರು. ನಂತರ ಹಿಂದಿನ ಬರಹವನ್ನು ನೋಡಿ, “ಇದು ನನ್ನ ಕೈ ಬರಹ. ಸಾಕ್ಷಿಗಿ ಬರ್ತೀನಿ” ಅಂದರು. ನಾನು ಕೇಳುವ ಮುಂಚೆಯೇ ಅಂದರು.

ಕೋರ್ಟಿನಲ್ಲಿ ವಕೀಲರು ನನ್ನನ್ನೂ ಕಟಕಟೆಗೆ ಹತ್ತಿಸಿದರು. ಫೋಟೋ ನನ್ನ ತಪ್ಪಿನಿಂದ ಕೆಟ್ಟಿತು ಎಂದು ಪ್ರಮಾಣ ಮಾಡಿ ಹೇಳಿದೆ. ಎದುರು ವಕೀಲರು, ಬೇರೆ ಯಾರದೋ ಮುಖ ಮುಚ್ಚಿಡಲು ಬೇಕಂತಲೇ ಕಿತ್ತಿದ್ದೀರಿ ಅಂದರು. ಇಲ್ಲ ಎಂದಷ್ಟೇ ಹೇಳಿ ಇಳಿದೆ.

ರಹೀಮಾನ್ ಸಾಬರಿಗೆ ಅದೇ ವಕೀಲರು, ಇಷ್ಟು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಫೋಟೋ ತೆಗೆದಿದ್ದೀರಿ, ಇದೊಂದು ಹೇಗೆ ನೆನಪಿದೆ ಎಂದು ಕೇಳಿದರು.

“ಆಗೆಲ್ಲಾ ಗಂಡಸಿನ ಹೆಸರು ಒಂದ ಬರಸ್ತಿದ್ರು ಸಾಹೇಬ್ರ” ಅಂದರು ಮುದುಕರು. “ನಾನೂ ಹಂಗ ಬರದಿದ್ದೆ. ಈ ಮನಷ್ಯಾ ಓದಿಸಿ ಕೇಳಿ, ಇಕೀದೂ ಹಾಕ್ರಿ, ಇಕಿ ನನ್ನ ಹೇಣ್ತಿ ಅಂದ. ಅಳಿಸಿ ಮತ್ತ ಬರದೆ. ಅಳಿಸಿದ ಗುರ್ತು ಐತಿ, ನೋಡ್ರಿ.”

ಮುನ್ಸೀಫರು ಭೂತಗನ್ನಡಿ ತರಿಸಿ ನೋಡಿದರು. ಗುರುತು ಇತ್ತು.

ಕೊನೆಗೆ ಯಮನಪ್ಪನ ಸರದಿ. ನಮ್ಮ ವಕೀಲರು ಜಾಸ್ತಿ ಪ್ರಶ್ನೆ ಕೇಳಲಿಲ್ಲ. ಗಾಜಿನ ನಡುವಿನ ಫೋಟೋವನ್ನು ಅವನ ಕೈಗೆ ಕೊಟ್ಟು, “ಕುರ್ಚಿಮ್ಯಾಲ ಕುಂತಾವ್ರು ಯಾರಪಾ?” ಎಂದರು. ಅವನು ನೋಡಿದ. ಇಲ್ಲ ಅನ್ನಲು ಬಾಯಿ ತೆರೆದವನು ಹಾಗೆಯೇ ನಿಂತ. ತಮ್ಮ ಸತ್ತ ಮೇಲೆ ಆ ಮುಖವನ್ನು ಅವನೂ ನೋಡಿರಲಿಲ್ಲ ಅನ್ನಿಸುತ್ತದೆ.

“ನಮ್ಮ ಹನಮ್ಯಾ” ಅಂದ.

ಇದಾದ ಮೇಲೆ ನಾನು ಬೀರುವಿನ ಎಲ್ಲ ಕವರುಗಳನ್ನೂ ತೆಗೆದೆ. ಒಂದೊಂದನ್ನೂ ಮುಂಜಾನೆಯ ತಂಪಿನಲ್ಲಿ ಬಿಚ್ಚಿದೆ. ಅಂಟಿದವನ್ನು ಎಳೆಯದೆ ಗಾಜಿನ ನಡುವೆ ಇಟ್ಟೆ. ಹದಿನೈದು ದಿನ ಹಿಡಿಯಿತು. ಅಲ್ಲಿಂದ ಮುಂದೆ ಫೋಟೋಗಳಿಗೆ ಬಟರ್ ಪೇಪರ್ ಸುತ್ತಿ ಕಾಗದದ ಲಕೋಟೆಯಲ್ಲಿ ಇಟ್ಟೆವು. ಮೇಲೆ ಭಾರ ಹೇರಲಿಲ್ಲ. ಬೀರುವನ್ನು ತಗಡಿನ ಕೆಳಗಿನಿಂದ ಒಳಕೋಣೆಗೆ ಸರಿಸಿದೆವು. ಎಂಬತ್ತರ ದಶಕದಲ್ಲಿ ಜೆರಾಕ್ಸ್ ಬಂತು, ನೋಡುವವರ ಕೈಗೆ ನಕಲು ಕೊಡುವುದು ಸಾಧ್ಯವಾಯಿತು. ವಾಸನೆಯಿಲ್ಲದ, ಗಡಸು ಪ್ಲಾಸ್ಟಿಕ್ಕೂ ಬಂತು. ಅದನ್ನೂ ನಾನು ಕೂಡಲೇ ನಂಬಲಿಲ್ಲ. ಕೆಟ್ಟುಹೋದ ಒಂದು ಫೋಟೋವನ್ನು ಒಳಗಿಟ್ಟು ಒಂದು ಬೇಸಿಗೆ ಪೂರ್ತಿ ಕಾದು ನೋಡಿ, ಆಮೇಲೆ ಬಳಸಿದೆ. ಹೊಸದನ್ನು ಬೇಡ ಅನ್ನಬೇಡಿ. ಆದರೆ ಅದನ್ನು ಮೊದಲು ನಿಮ್ಮ ಸ್ವಂತ ಕಾಗದದ ಮೇಲೆ ಪರೀಕ್ಷಿಸಿ.

ತೀರ್ಪು ಹುಲಿಗೆವ್ವನ ಕಡೆ ಆಯಿತು. ಯಮನಪ್ಪ ಅಪೀಲಿಗೆ ಹೋಗಲಿಲ್ಲ. ಗದ್ದೆಯಲ್ಲಿ ಅವಳ ಪಾಲಿನ ಬದುವನ್ನು ತಾನೇ ನಿಂತು ತೋರಿಸಿದ ಎಂದು ಅವಳೇ ಹೇಳಿದಳು. ಅಪೀಲಿನ ಗಡುವು ಮುಗಿದ ಮೇಲೆ ಅರ್ಜಿ ಹಾಕಿ ಫೋಟೋವನ್ನು ಕೋರ್ಟಿನಿಂದ ವಾಪಸು ಪಡೆದೆವು.

ಆ ದಿನ ಅವಳು ತೊಳೆದ ಸೀರೆ ಉಟ್ಟು ಬಂದಿದ್ದಳು. ಕೋರ್ಟಿನ ಜಗಲಿಯ ಕಲ್ಲಿನ ಮೇಲೆ ಕೂತು ಗಾಜಿನ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳಿಗೆ ಕೊಡಬೇಕಾದ ತೀರ್ಪಿನ ನಕಲು ಹಿಡಿದು ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಅಷ್ಟು ವಾರಗಳಲ್ಲಿ ಅವಳು ಫೋಟೋದ ಜೊತೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಮಾತಾಡಿದಳು, ಎದುರಿಗೆ ಕೂತವರಿಗೆ ಹೇಳುವ ಹಾಗೆ, ಮೆಲ್ಲಗೆ.

“ಏನ್ರಿ, ಕೇಳಿದ್ರಿ? ನಾ ನಿಮ್ಮ ಹೇಣ್ತಿ ಅಂತ ಬರದ ಕೊಟ್ಟಾರ. ಏಳ್ರಿ ಇನ್ನ, ಮನಿಗಿ ಹೋಗೂಣು.”